ಬೂದಿಯಲ್ಲಿಟ್ಟ ಹೀರೇಬೀಜ

ತಂಗಿ ನೀಲವ್ವನಿಗೆ, ಮುಂಬಯಿ ಹತ್ತಿರದ ಕಲ್ಯಾಣದಿಂದ ಅಕ್ಕನ ಆಶೀರ್ವಾದ.

ವಾಶಿಯ ಒಂದು ದವಾಖಾನೆಯಲ್ಲಿ ಮುದುಕರ ನೆನಪಿನ ಮೇಲೆ ಸಂಶೋಧನೆ ನಡೆದಿದೆ ಎಂದು ಮಗ ನನ್ನನ್ನೂ ಎಳೆದೊಯ್ದ. ಡಾಕ್ಟರ್ ಹುಡುಗಿ ಮೂಗಿನ ಮೇಲೆ ಕೋಡಿದ್ದ ಪ್ರಾಣಿಯ ಚಿತ್ರ ತೋರಿಸಿ, "ಇದೇನು ಹೇಳ್ರಿ, ಆಜಿ?" ಎಂದಳು. "ನಮ್ಮೂರಾಗ ಇದನ್ನ ಯಾರೂ ಕೊಟ್ಟಿಗ್ಯಾಗ ಕಟ್ಟಿಲ್ಲವ್ವಾ" ಎಂದೆ. ಅಷ್ಟಕ್ಕೇ ನನಗೆ ಮರೆವು ಎಂದು ಬರೆದುಕೊಂಡಳು!

ಈಗ ಮಗ ನನ್ನನ್ನು ಬಿತ್ತನೆಗೆ ಊರಿಗೆ ಕಳಿಸುವುದಿಲ್ಲವಂತೆ. ನನ್ನ ಮೊಣಕಾಲೂ ನೆಟ್ಟಗಿದೆ, ತಲೆಯೂ ನೆಟ್ಟಗಿದೆ. ನನ್ನ ಮನೆಯ ಬೀಗ ತೆಗೆದು ಅಡುಗೆಮನೆಯ ಮೂರನೇ ಗಡಿಗೆ ನೋಡು. ಬೂದಿಯೊಳಗೆ ನಲವತ್ತೊಂದು ಹೀರೇಬೀಜ ಇವೆ, ಒಂದಕ್ಕೂ ಹುಳ ಹತ್ತಿರುವುದಿಲ್ಲ. ಎಣಿಸಿ, ಇವನಿಗೆ ಫೋನ್ ಮಾಡಿ ಹೇಳು. ಒಂದು ಕಡಿಮೆಯಾದರೂ ಅದು ನನ್ನ ಮರೆವಲ್ಲ, ನಿನ್ನ ಕೈಚಳಕ.

ನಿನ್ನ ಅಕ್ಕ
ದಾನಮ್ಮ