ಸೌಟಿನ ಹಿಡಿಯಿಂದ ತಟ್ಟಿದ್ದು

ರೇಡಿಯೋ ರಿಪೇರಿ ಮಾವನಿಗೆ ನಮಸ್ಕಾರ.

‘ಮೊದಲು ಕೇಳು, ಆಮೇಲೆ ಬಿಚ್ಚು’ ಎಂದಿದ್ದಿರೋ, ‘ಮೊದಲು ಬಿಚ್ಚು’ ಎಂದಿದ್ದಿರೋ? ನಾನಂತೂ ಮೊದಲು ಕೇಳಿದೆ.

ಕಣ್ಣು ಕಾಣದ ಅಮ್ಮನಿಗೆ ಹಾಡೇ ಆಸರೆ. ಆಂಪ್ಲಿಫೈಯರ್ ಕರಕರ ಎನ್ನತೊಡಗಿದ ಮೇಲೆ ತಿಂಗಳಿಡೀ ಗೋಡೆಗೆ ಮುಖಮಾಡಿ ಮಲಗಿದ್ದಳು. ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ನಿಲ್ಲಲಿಲ್ಲ. ದೋಷ ವಾಲ್ಯೂಮ್ ಗುಂಡಿಯಿಂದ ಮುಂದಿನ ಭಾಗದಲ್ಲಿದೆ ಎಂದು ತಿಳಿಯಿತು. ಆಮೇಲೆ ಬಿಚ್ಚಿ, ನೀವು ಹೇಳಿದಂತೆ ಶಾಕ್ ಹೊಡೆಯದಿರಲೆಂದು ಎಡಗೈ ಬೆನ್ನ ಹಿಂದಿಟ್ಟು, ಮರದ ಸೌಟಿನ ಹಿಡಿಯಿಂದ ಒಂದೊಂದೇ ಬಿಡಿಭಾಗ ತಟ್ಟಿದೆ. ಒಂದು ಕೆಪಾಸಿಟರ್ ತಟ್ಟಿದೊಡನೆ ಕರಕರ ಜೋರಾಯಿತು; ಅಮ್ಮ ಎದ್ದು ಕೂತು, ‘ಅದೇ ಕಣೇ ಕಳ್ಳ, ಹಿಡ್ಕೋ!’ ಎಂದಳು. ಅದನ್ನು ಬದಲಿಸಿದೆ. ಬೆಸುಗೆ ಸೊಟ್ಟಗಿದೆ, ಹಾಡು ನೆಟ್ಟಗಿದೆ.

ಫೋನಿನಲ್ಲೇ ತಾಳ್ಮೆಯಿಂದ ಕಲಿಸಿದ್ದಕ್ಕೆ ಎಷ್ಟು ನೆನೆದರೂ ಸಾಲದು. ನನ್ನ ಬೆಸುಗೆ ನೋಡಿ ಬೈಯಲಾದರೂ ಒಮ್ಮೆ ಬನ್ನಿ.

ನಿಮ್ಮ ಅಕ್ಕನ ಮಗಳು

ಹೇಳಲು ಮರೆತೆ: ಬೆಳಗ್ಗೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, ‘ಹಾಡು ಹಾಕಿ, ಬೇಡ ಅನ್ನಲ್ಲ. ಆದ್ರೆ ಜೊತೆಗೆ ಹಾಡುವಾಗ ಶ್ರುತಿ ಸ್ವಲ್ಪ ನೋಡ್ಕೊಳ್ಳೋಕೆ ನಿಮ್ಮಮ್ಮಂಗೆ ಹೇಳಿ’ ಅಂದರು.