ತಲೆಗೊಂದು ಲೈನ್ ಕ್ಲಿಯರ್

ಶಾಖಾಧಿಕಾರಿಗಳಿಗೆ ಲೈನ್‌ಮನ್ ಹೂವಪ್ಪನ ನಮಸ್ಕಾರ.

ಹದಿನೈದು ದಿನ ರಜೆ ಯಾಕೆಂದು ಕೇಳಿದ್ದೀರಿ. ಕಾಲು ಮುರಿದಿಲ್ಲ, ಜ್ವರವೂ ಇಲ್ಲ. ಮೊನ್ನೆ ಮೇಗರವಳ್ಳಿಯ ಹತ್ತಿರ ಕಂಬ ಹತ್ತಿದೆ. ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿ, ಕರೆಂಟ್ ತೆಗೆಸಿ, ತಂತಿ ಮುಟ್ಟಲು ಅಪ್ಪಣೆ, ಅಂದರೆ ಲೈನ್ ಕ್ಲಿಯರ್, ಪಡೆದಿದ್ದೇನೆಂದೇ ನಂಬಿದ್ದೆ. ಫೋನೇ ಮಾಡಿರಲಿಲ್ಲ. ಕೆಳಗಿದ್ದ ಜೊತೆಗಾರ ನಾಗೇಂದ್ರ, "ಹೂವಪ್ಪಣ್ಣಾ, ಮುಟ್ಬೇಡಿ, ಕರೆಂಟಿದೆ!" ಎಂದು ಕೂಗಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯ ಡಾಕ್ಟರಮ್ಮ ಮಿದುಳಿನ ಚಿತ್ರ ಬರೆದು ತೋರಿಸಿದರು. ಹಗಲು ರಾತ್ರಿ ಆಫೀಸಿನ ಫೋನ್ ಬಂದಾಗಲೆಲ್ಲ ವರ್ಷಗಟ್ಟಲೆ ಎದ್ದು ಓಡಿದರೆ ಹೆದರಿಕೆಯ ಭಾಗ ಆರುವುದೇ ಇಲ್ಲವಂತೆ. ಹಣೆಯ ಹಿಂದಿನ, ಯೋಚನೆ ಮಾಡುವ ಭಾಗ ಸೋತುಹೋಗುತ್ತದಂತೆ. ಬಿಡುವು ಕೊಟ್ಟರೆ ಚೇತರಿಸಿಕೊಳ್ಳುತ್ತದಂತೆ.

"ಕಂಬ ಹತ್ತೋನಿಗೆ ಮಿದುಳಿನ ಸುಸ್ತು ಎಂತದು ಮಾರಾಯ?" ಎಂದು ನಾಗೇಂದ್ರನ ಮುಂದೆ ನಕ್ಕಿರಂತೆ. ನಗಿ, ಅಡ್ಡಿಯಿಲ್ಲ. ಆದರೆ ನಿಯಮ ಕಲಿಸಿದವರು ನೀವೇ: ಲೈನ್ ಕ್ಲಿಯರ್ ತೆಗೆದುಕೊಂಡವನೇ ಅದನ್ನು ವಾಪಸ್ ಕೊಡಬೇಕು. ಅಲ್ಲಿಯ ತನಕ ಎಷ್ಟು ದೊಡ್ಡವರು ಹೇಳಿದರೂ ಕರೆಂಟ್ ಬಿಡುವಂತಿಲ್ಲ.

ಈಗ ನನ್ನ ತಲೆಗೆ ಲೈನ್ ಕ್ಲಿಯರ್ ತೆಗೆದುಕೊಂಡಿದ್ದೇನೆ. ಆಫೀಸಿನ ಫೋನು, ಚಾರ್ಜರು ನಾಗೇಂದ್ರನ ಕೈಯಲ್ಲಿ ಕಳಿಸಿದ್ದೇನೆ. ನಾನು ವಾಪಸ್ ಕೊಡುವ ತನಕ ಯಾರೂ ಸ್ವಿಚ್ ಮುಟ್ಟಬೇಡಿ.

ಇಂತಿ,
ಇನ್ನೂ ಬದುಕಿರುವ
ಹೂವಪ್ಪ