ಫ್ಲೆಕ್ಸಿನ ಮೇಲೆ ಅಕ್ಕನ ಕೈ

ಸಿಂಧನೂರು
6 ಫೆಬ್ರುವರಿ 2025, ಗುರುವಾರ

ಪ್ರೀತಿಯ ಭುವನಕ್ಕನಿಗೆ,

ನಿನ್ನ ತಮ್ಮ ಬಸವಲಿಂಗ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕಲ್ಲ, ಬರೆಯುತ್ತೇನೆ. ಪದ್ಮಾವತಿ ಚೆನ್ನಾಗಿದ್ದಾಳೆ. ಅಂಗಡಿಯ ಫ್ಲೆಕ್ಸ್ ಮಷೀನು ಚೆನ್ನಾಗಿದೆ. ನನ್ನ ವಿಷಯ ಮುಂದೆ ಬರುತ್ತದೆ.

ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಇಷ್ಟು ದಿನ ನಿನ್ನ ಫೋನಿಗೆ ಹಚ್ಚುತ್ತಲೇ ಇದ್ದೆ. ಒಮ್ಮೆ ಸ್ವಿಚ್ ಆಫ್ ಇರುತ್ತದೆ, ಇನ್ನೊಮ್ಮೆ ನಿನ್ನ ಗಂಡ ಆದೆಪ್ಪ ಮಾವ ಎತ್ತಿ “ಆಕಿ ಕೆಲಸದಾಗ ಅದಾಳ” ಎಂದು ಇಟ್ಟುಬಿಡುತ್ತಾನೆ. ನಿನ್ನೆ ಪದ್ಮಾವತಿಯೇ ಬೈದಳು: “ಊರ ಮಂದಿಗೆಲ್ಲ ಆಳೆತ್ತರ ಅಕ್ಷರ ಬರದು ಕೊಡ್ತೀರಿ, ಸ್ವಂತ ಅಕ್ಕಗ ಒಂದು ಹಾಳಿ ಬರಿಯಾಕ ಬರಂಗಿಲ್ಲೇನ್ರೀ?” ಬರುತ್ತದೆ ಎಂದು ಪೆನ್ನು ಹಿಡಿದಿದ್ದೇನೆ. ಕಂಪ್ಯೂಟರಿನಲ್ಲಿ ಬರೆದು ಬರೆದು ಕೈಬರಹ ಕೋಳಿ ಕೆದರಿದ ಹಾಗಾಗಿದೆ, ತಿದ್ದಿಕೊಂಡು ಓದಿಕೋ.

ಈ ಪತ್ರವನ್ನು ಬಳೆಗಾರ್ತಿ ಹಸೀನಾಬೀ ತರುತ್ತಾಳೆ. ಬಳೆ ತೊಡಿಸುವ ನೆಪದಲ್ಲಿ ನಿನ್ನ ಕೈಗೆ ಕೊಡುತ್ತೇನೆ ಎಂದಳು. “ನೀ ಓದಿಗೀದಿಯವ್ವಾ” ಎಂದೆ. “ನಂಗ ಓದಾಕ ಬರಂಗಿಲ್ಲಪ್ಪ, ಅದಕ್ಕ ನನ್ನ ಕೈಲಿ ಕೊಡು. ಓದಾಕ ಬರೋರ ಕೈಲಿ ಕೊಟ್ಟು ನೋಡು, ಏನಾಗ್ತೈತಿ” ಎಂದು ನಕ್ಕಳು. ಈ ಹದಿನೈದು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಲಿಂಗಸುಗೂರಿನಲ್ಲಿ ಅವ್ವನ ಮೊಣಕಾಲು ನೋವು ಹಾಗೇ ಇದೆ. ನಿನ್ನ ವಿಷಯ ಮುಚ್ಚಿಡಬೇಕೆಂದಿದ್ದೆ, ಯಾರೋ ಹೇಳಿಬಿಟ್ಟಿದ್ದಾರೆ. ಬೈಯಲಿಲ್ಲ, ಅಳಲಿಲ್ಲ. “ಬಂದ್ರ ಬರ್ಲಿ, ನನ್ನ ಬಾಗಲಾ ತೆರದೈತಿ. ಆದರ ಮಕ್ಕಳನ್ನ ಬಿಟ್ಟು ಹೆಂಗ ಬರ್ತಾಳ?” ಎಂದು ನನ್ನನ್ನೇ ಕೇಳಿದಳು.

ಸೋಮವಾರ ನಿಮ್ಮ ಮನೆಯಲ್ಲಿ ಹಿರಿಯರು ಕೂಡುತ್ತಾರೆ. ನೀನು ಮೇಘಾ, ಚನ್ನು ಜೊತೆ ವಳಕಮದಿನ್ನಿಯಲ್ಲೇ ಇರುವುದೋ, ಮಕ್ಕಳನ್ನು ಅಲ್ಲೇ ಬಿಟ್ಟು ಅವ್ವನ ಮನೆಗೆ ಬರುವುದೋ ಅವತ್ತು ತೀರ್ಮಾನ. ಅದಕ್ಕಿಂತ ಮೊದಲು ಏನು ನಡೆಯಿತೆಂದು ನನ್ನ ಬಾಯಿಂದ ಒಮ್ಮೆ ಕೇಳು. ಮಾವ ಒಂದು ಥರ ಹೇಳಿರುತ್ತಾನೆ, ನಿನ್ನ ಅತ್ತೆ ಪಾರ್ವತೆಮ್ಮ ಇನ್ನೊಂದು ಥರ.

ಮಸ್ಕಿಯ ಪಾಸ್ಟರ್ ಸತ್ಯಾನಂದಂ ನನ್ನ ಹಳೇ ಗಿರಾಕಿ. ಈ ಕಡೆ ಹೊಲಗಳಿಗೆ ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ಇಲ್ಲೇ ನಿಂತ ಮನೆತನ. ಮಾತು ಅರ್ಧ ತೆಲುಗು, ಅರ್ಧ ನಮ್ಮದು. ನಿನಗೆ ಗೊತ್ತಲ್ಲ, ನನ್ನ ಅಂಗಡಿಯಲ್ಲಿ ಉರುಸಿನ ಬ್ಯಾನರೂ ಆಗುತ್ತದೆ, ಪುರಾಣ ಪ್ರವಚನದ್ದೂ ಆಗುತ್ತದೆ, ಹುಟ್ಟುಹಬ್ಬದ್ದೂ ಶ್ರದ್ಧಾಂಜಲಿಯದ್ದೂ ಒಂದೇ ಮಷೀನಿನಿಂದ ಹೊರಗೆ ಬರುತ್ತವೆ. ಪಾಸ್ಟರಿಗೆ ಕ್ರಿಸ್ಮಸ್ ಕಾರ್ಡು, ಭಾನುವಾರದ ವಚನದ ವಾಟ್ಸಾಪ್ ಚಿತ್ರ, ಪ್ರಾರ್ಥನಾ ಮಂದಿರದ ಬೋರ್ಡು ಎಲ್ಲಾ ನಾನೇ ಮಾಡುವುದು. ಹಿಂದೆಲ್ಲ ಅವರ ಪೋಸ್ಟರ್ ಎಂದರೆ ಮೈಕ್ ಹಿಡಿದ ಪಾಸ್ಟರು ದೊಡ್ಡದಾಗಿ, ಪಕ್ಕದಲ್ಲಿ ಅವರ ಹೆಂಡತಿ ಅಮ್ಮನವರು ಚಿಕ್ಕದಾಗಿ, ಮೇಲೆ ಒಂದು ಪಾರಿವಾಳ. ಕಣ್ಣು ಮುಚ್ಚಿ ಮಾಡುತ್ತಿದ್ದೆ.

ಈ ವರ್ಷ ಜನವರಿಯ ಪ್ರಾರ್ಥನಾ ಕೂಟಗಳಿಗೆ ಅವರು ಒಂದು ಪೆನ್ ಡ್ರೈವ್ ಹಿಡಿದು ಬಂದರು. “ನೋಡಂಡಿ ಬಸವಲಿಂಗಂ ಗಾರು, ಹೈದರಾಬಾದಿನಾಗ ನಮಗ ಟ್ರೇನಿಂಗ್ ಕೊಟ್ಟಾರ. ಪಾಸ್ಟರ್ ಮುಖ ನೋಡಿ ಯಾರೂ ಒಳಗ ಬರಂಗಿಲ್ಲಂತ. ತಮ್ಮಂಥ ಮನಷಾರ ಮುಖ ನೋಡಿ ಬರ್ತಾರಂತ. ಚರ್ಚಿಗೆ ಬೇಕಾದ ಡಿಸೈನೆಲ್ಲ ಇದರಾಗ ರೆಡಿ ಮಾಡಿ ಕೊಟ್ಟಾರ.”

ತೆರೆದು ನೋಡಿದೆ. ಒಳ್ಳೆಯ ಕೆಲಸ, ಸುಳ್ಳು ಹೇಳಬಾರದು. ಬೆಳಕಿನ ಕಿರಣ, ಗೋಧಿ ಹೊಲ, ಸಮುದ್ರ. ಆದರೆ ಮನುಷ್ಯರು? ಮೆಕ್ಕೆಜೋಳದ ಜುಟ್ಟಿನಂಥ ಕೂದಲು, ಕುತ್ತಿಗೆಗೆ ಉಣ್ಣೆಯ ಶಾಲು, ಕೈಯಲ್ಲಿ ಕಾಫಿ ಲೋಟ. ನಾನು ಅಂದೆ: “ಪಾಸ್ಟರ್ರೇ, ನಮ್ಮ ಬಿಸಿಲಾಗ ಹಿಂಗ ಶಾಲು ಸುತಗೊಂಡೋರನ್ನ ನೋಡಿದ್ರ ಮಂದಿ ಪ್ರಾರ್ಥನಾಕ್ಕ ಬರಂಗಿಲ್ಲ. ಇವರಿಗೆ ಜ್ವರ ಬಂದಾವಂತ ದವಾಖಾನಿಗೆ ಹೊತಗೊಂಡು ಹೋಗ್ತಾರ. ನಿಮ್ಮ ಮಂದಿ ಫೋಟೋನ ಹಾಕೋಣು.”

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು ಅಕ್ಕ. ಆ ಸಲಹೆ ಕೊಟ್ಟವನು ನಾನೇ.

ಮರುದಿನ ಅವರು ತಮ್ಮ ಪ್ರಾರ್ಥನೆಯ ಫೋಟೋಗಳನ್ನು ತಂದರು. ಒಂದರಲ್ಲಿ ಒಬ್ಬಳು ಆಕಳಿಸುತ್ತಿದ್ದಾಳೆ. ಒಂದರಲ್ಲಿ ಒಬ್ಬ ಹಿರಿಯ ಕಣ್ಣು ಮುಚ್ಚಿದ್ದಾನೆ, ಭಕ್ತಿಯೋ ನಿದ್ದೆಯೋ ದೇವರಿಗೇ ಗೊತ್ತು. ಇನ್ನೊಂದರಲ್ಲಿ ಎಲ್ಲರೂ ಕ್ಯಾಮೆರಾ ನೋಡಿ ಶಾಲೆ ಮಕ್ಕಳ ಹಾಗೆ ನೆಟ್ಟಗೆ ಕೂತಿದ್ದಾರೆ. ಆಮೇಲೆ ಒಂದು ಬಂತು. ಹಿಂದಿನ ಸಾಲು, ಕಿಟಕಿ ಪಕ್ಕ. ತಲೆ ಮೇಲೆ ಸೆರಗು, ಗದ್ದಕ್ಕೆ ಒತ್ತಿ ಹಿಡಿದ ಎರಡು ಕೈ, ಕಣ್ಣಲ್ಲಿ ನೀರು ಸುರಿಯುತ್ತಿದೆ. ಕಿಟಕಿಯ ಬೆಳಕು ಸರಿಯಾಗಿ ಮುಖದ ಮೇಲೆ ಬಿದ್ದಿದೆ.

ನೀನು.

ಪಾಸ್ಟರು ಪಕ್ಕದಲ್ಲೇ ಕೂತಿದ್ದರು. “ಇದೇ, ಇದೇ!” ಎಂದು ಎದ್ದು ನಿಂತರು.

“ಈ ಅಮ್ಮ ಯಾರ್ರೀ?” ಎಂದು ಕೇಳಿದೆ.

“ಗೊತ್ತಿಲ್ಲ. ಒಂದೇ ಸಲ ಬಂದಿದ್ಲು. ಹೆಸರೂ ಹೇಳಲಿಲ್ಲ. ಹಿಂದ ಕುಂತ್ಲು, ಮುಗಿಯಾಕ ಮುಂಚೇನ ಎದ್ದು ಹೋದ್ಲು.”

“ಕೇಳದ ಹೆಂಗ ಹಾಕೂದ್ರಿ?”

“ದೇವರ ಕೆಲಸಕ್ಕ ಯಾರು ಬ್ಯಾಡ ಅಂತಾರ?”

ಫೋಟೋ ಮಸುಕಾಗಿದೆ, ದೊಡ್ಡದು ಮಾಡಿದರೆ ಒಡೆಯುತ್ತದೆ, ಎಂದೆ. ಬಣ್ಣ ಸರಿ ಬರುವುದಿಲ್ಲ ಎಂದೆ. ಆಕಳಿಸುವವಳ ಬಾಯಿ ಮುಚ್ಚಿಸಿ ಕೊಡುತ್ತೇನೆ ಎಂದೆ. ಅವರು ಜಪ್ಪಯ್ಯ ಅನ್ನಲಿಲ್ಲ. ‘ಅವಳು ನನ್ನ ಅಕ್ಕ’ ಎಂಬ ಮಾತು ಬಾಯಿಗೆ ಬಂದಿತ್ತು. ಹೇಳಿದರೆ ಸಂಜೆಯೊಳಗೆ ಮಸ್ಕಿಗೆ ಗೊತ್ತಾಗುತ್ತದೆ, ಮುಂಜಾನೆಯೊಳಗೆ ವಳಕಮದಿನ್ನಿಗೆ. ಅವ್ವನನ್ನು ನೋಡಲು ಲಿಂಗಸುಗೂರಿಗೆ ಹೋಗುತ್ತೇನೆ ಎಂದು ಹೊರಟ ನೀನು ನಡುವೆ ಮಸ್ಕಿಯಲ್ಲಿ ಇಳಿದಿದ್ದೀಯ ಎಂದು ನನಗೆ ಆಗಲೇ ತಿಳಿಯಿತು. ಮನೆಯವರಿಗೆ ಹೇಳದೆ ಹೋದದ್ದನ್ನು ನಾನು ಹೇಗೆ ಹೇಳಲಿ? ಆಗಲಿ ಎಂದು ಅವರನ್ನು ಕಳಿಸಿದೆ.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ನಿನ್ನ ಮುಖ ತೆಗೆದೆ. ಈಗ ಕಂಪ್ಯೂಟರಿಗೆ ಹೇಳಿದರೆ ಮುಖ ಮಾಡಿ ಕೊಡುತ್ತದೆ. ಎಲ್ಲೂ ಹುಟ್ಟದ, ಯಾರ ಮನೆಗೂ ಸೊಸೆಯಾಗದ ಹೆಂಗಸಿನ ಮುಖ. ಅದನ್ನು ನಿನ್ನ ಸೆರಗಿನೊಳಗೆ ಕೂರಿಸಿ, ಅಂಚು ತಿದ್ದಿ, ಬೆಳಕು ಹೊಂದಿಸಿದೆ. ಕಣ್ಣೀರನ್ನು ಮಾತ್ರ ನಿನ್ನದೇ ಉಳಿಸಿದೆ, ಅಷ್ಟು ಚೆಂದದ್ದು ಕಂಪ್ಯೂಟರಿಗೆ ಬರಲಿಲ್ಲ. ನನ್ನ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು. ಅಕ್ಕನನ್ನು ಉಳಿಸಿದೆ ಎಂದುಕೊಂಡೆ.

ಪಾಸ್ಟರು ನೋಡಿ, “ಮುಖ ಯಾಕೋ ಸ್ವಲ್ಪ ಬ್ಯಾರೆ ಅನಸ್ತೈತಲ್ಲ?” ಎಂದರು.

“ಬೆಳಕು ಜಾಸ್ತಿ ಬಿಟ್ಟೀನ್ರಿ.”

“ಹಂಗೇನು? ಮಹಿಮೆ!” ಎಂದರು.

ಮುಂದಿನದು ನಿನಗೆ ಗೊತ್ತು. ನಿನ್ನ ಅತ್ತೆಗೆ ಕಣ್ಣಿನ ಆಪರೇಶನ್ ಆಗಿ ಹೊಸ ಕನ್ನಡಕ ಬಂದಿತ್ತು. ಮಾವ ಅವರನ್ನು ದವಾಖಾನೆಯಿಂದ ಕರೆದುಕೊಂಡು ಇಲ್ಲಿ ಸಿಂಧನೂರಿನ ಬಸ್ ಸ್ಟ್ಯಾಂಡ್ ರಸ್ತೆಗೆ ಬಂದಿದ್ದಾನೆ. ಎಷ್ಟೋ ವರ್ಷದ ಮೇಲೆ ಕಣ್ಣು ಕಂಡಿದೆ ಎಂದು ಆಯಮ್ಮ ಕಂಡ ಕಂಡ ಬೋರ್ಡನ್ನೆಲ್ಲ ಓದುತ್ತಾ ಬಂದಿದ್ದಾರೆ. ಅಲ್ಲಿ ಕಟ್ಟಿದ್ದ ಪಾಸ್ಟರ ಫ್ಲೆಕ್ಸಿನ ಮುಂದೆ ನಿಂತು ಹೀಗೆ ಕೇಳಿದರಂತೆ: “ಆದೆಪ್ಪಾ, ನಿನ್ನ ಹೇಂತಿ ಕೈ ಇಲ್ಲೇನು ಮಾಡಾಕತ್ತ್ಯಾವು?”

ಮಾವನಿಗೆ ಅರ್ಥವಾಗಲಿಲ್ಲವಂತೆ. “ಆಕಿ ಅಲ್ಲಬೇ, ಮುಖ ನೋಡು” ಎಂದಿದ್ದಾನೆ. “ಮುಖ ಹಾಳಾಗಿ ಹೋಗ್ಲಿ. ಹತ್ತು ವರ್ಷ ಈ ಕೈಯಾಗಿನ ರೊಟ್ಟಿ ತಿಂದೀನಿ, ನನಗ ಗೊತ್ತಾಗಂಗಿಲ್ಲೇನು? ಎಡಗೈ ಬೆರಳಿನ ಸುಟ್ಟ ಗಾಯದ ಕಲಿ ನೋಡು.”

ಅಕ್ಕ, ನಾನು ಆ ಕೈ ನೋಡಲೇ ಇಲ್ಲ. ಜನ ಮುಖ ನೋಡುತ್ತಾರೆ ಎಂದು ನಂಬಿ ಹೊಟ್ಟೆ ಹೊರೆಯುವವನು ನಾನು.

ಮಾವ ನೇರ ಅಂಗಡಿಗೆ ಬಂದ. ಗಿರಾಕಿಗಳಿದ್ದರು, ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಲೇ ಬಸವಲಿಂಗಾ, ಆ ಫ್ಲೆಕ್ಸಿನ್ಯಾಗಿನ ಮುಖ ಯಾರ್ದು?”

“ಯಾರ್ದೂ ಅಲ್ಲ ಮಾವ, ಕಂಪ್ಯೂಟರಿಂದು.”

“ಕೈ ಯಾರ್ವು?”

ನಾನು ತಿರುಗಿ ಮಷೀನು ಆಫ್ ಮಾಡಿದೆ.

“ನಿನ್ನ ಅಕ್ಕ ಒಂದು ಸಲ ಹೋಗಿ ಕೈ ಮುಗದು ಬಂದಿದ್ರ ನಾ ಬೈದು ಸುಮ್ಮನಾಗ್ತಿದ್ದೆ. ನೀ ಮುಖ ಯಾಕ ಬದಲಿ ಮಾಡಿದಿ? ಮುಚ್ಚಿಡೂವಂಥಾದ್ದು ಏನೋ ಐತಿ ಅಂತನ ಹೌದಿಲ್ಲೋ? ಅಕ್ಕ ತಮ್ಮ ಕೂಡಿ ನಮ್ಮನ್ನ ಹುಚ್ಚರನ್ನ ಮಾಡಿದ್ರಿ.”

ನಾನೇ ನಿನ್ನನ್ನು ಆ ಚರ್ಚಿಗೆ ಕಳಿಸಿದೆ, ಅವರ ಕೆಲಸ ಮಾಡಿ ಮಾಡಿ ನಾನೂ ಅವರವನಾಗಿದ್ದೇನೆ ಎಂದು ಅವನು ತಿಳಿದಿದ್ದಾನೆ. ಎಷ್ಟು ಹೇಳಿದರೂ ನಂಬುವುದಿಲ್ಲ. ನಾನು ಮುಖವನ್ನು ಮುಟ್ಟದೆ ಬಿಟ್ಟಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. ನಿನ್ನನ್ನು ಅಡಗಿಸಿ ನಿನ್ನನ್ನು ಕಳ್ಳಿ ಮಾಡಿದೆ.

ಪಾಸ್ಟರಿಗೆ ಹೇಳಿದೆ. ಪಾಪ, ಮುಖ ಬಿಳಿಚಿತು. ತಾವೇ ಏಣಿ ಹತ್ತಿ ಫ್ಲೆಕ್ಸ್ ಬಿಚ್ಚಿದರು. ನಿಮ್ಮ ಮನೆಗೆ ಬಂದು ಕ್ಷಮೆ ಕೇಳುತ್ತೇನೆ ಎಂದು ಹೊರಟಿದ್ದರು, ಕೈ ಕಾಲು ಹಿಡಿದು ನಿಲ್ಲಿಸಿದೆ. ಅವರು ನಿಮ್ಮ ಅಂಗಳಕ್ಕೆ ಕಾಲಿಟ್ಟರೆ ಏನಾಗುತ್ತದೆ ಎಂದು ನೀನೇ ಬಲ್ಲೆ. ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ಹೇಳಿದರು. ಪೋಸ್ಟರ್ ಚೆನ್ನಾಗಿ ಬಂದಿದೆ ಎಂಬ ಖುಷಿಗೆ ಅದನ್ನು ಬೇರೆ ಪಾಸ್ಟರುಗಳಿಗೂ ಕಳಿಸಿದ್ದಾರೆ. ಹೆಸರು, ಊರು, ತಾರೀಖು ಬದಲಿಸಿಕೊಂಡು ಎಲ್ಲರೂ ಹಾಕಿಕೊಳ್ಳಲಿ ಎಂದು. ಒಬ್ಬರಿಂದ ಒಬ್ಬರಿಗೆ ಹೋಗಿ ಹೋಗಿ ಈಗ ಅದು ಆ ಪೆನ್ ಡ್ರೈವಿನ ಗೋಧಿ ಹೊಲದ ಜೊತೆಗೇ ಓಡಾಡುತ್ತಿದೆ. ಮೊನ್ನೆ ಒಂದು ತೆಲುಗು ಪೋಸ್ಟರ್ ನನ್ನ ಫೋನಿಗೇ ಬಂತು. ಮುಖ ಮತ್ತೆ ಬೇರೆ, ಕೈ ನಿನ್ನವೇ. ತೆಗೆಯಿರಿ ಎಂದು ನಾನು ಯಾರಿಗೆ ಹೇಳಲಿ? ಎಷ್ಟು ಊರಿಗೆ ಹೇಳಲಿ?

ಮೊನ್ನೆ ಮಾವ ಮತ್ತೆ ಬಂದಿದ್ದ. ಸಿಟ್ಟು ಇಳಿದಿತ್ತು. ಅವನ ಸಿಟ್ಟು ಇಳಿದರೆ ನನಗೆ ಇನ್ನೂ ಹೆದರಿಕೆ. “ನನಗೂ ಸಾಕಾಗೈತಿ ಮಾರಾಯಾ” ಎಂದ. “ಸೋಮವಾರ ಹಿರ್‍ಯಾರ ಮುಂದ ನೀ ಬಂದು ಅದು ನಮ್ಮಕ್ಕ ಅಲ್ಲ ಅನ್ನು. ಆಕಿನೂ ನಾ ಅಲ್ಲ ಅನ್ಲಿ. ಮುಗೀತು. ನಮ್ಮವ್ವನ ಕಣ್ಣಿಗೆ ಹೊಸಾ ಚಷ್ಮಾ, ಏನೋ ಕಂಡೈತಿ ಅಂತೀವಿ.” ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ನಮ್ಮ ದೇವರಿಗೆ ಕಿವಿ ಕೇಳಂಗಿಲ್ಲೇನು ಬಸವಲಿಂಗ? ನಾವೇನು ಕಡಿಮಿ ಮಾಡೇವಿ ಆಕಿಗೆ?” ಎಂದ. ಅವನ ಕಣ್ಣು ಕೆಂಪಾಗಿದ್ದವು. ಕೆಟ್ಟವನಲ್ಲ ಅಕ್ಕ ಅವನು.

ನಾನು ಹ್ಞೂಂ ಎಂದೆ. ಲಿಂಗ ಮುಟ್ಟಿ ಆಣೆ ಮಾಡು ಎಂದರೂ ಮಾಡುತ್ತೇನೆ. ನನಗೆ ಬರುವ ಪಾಪ ನನಗಿರಲಿ. ಆದರೆ ನೀನು ಒಪ್ಪುತ್ತಿಲ್ಲ ಎಂದು ಹಸೀನಾಬೀ ಹೇಳಿದಳು. “ಕೈ ನನ್ನವ ಅದಾವ. ಅಲ್ಲ ಅಂದ್ರ ನಾಳಿ ಇದ ಕೈಲೆ ಮಕ್ಕಳಿಗೆ ಹೆಂಗ ಉಣಸ್ಲಿ” ಎಂದೆಯಂತೆ.

ಆದರೂ ಕೇಳುತ್ತೇನೆ. ಒಂದೇ ಮಾತು, ‘ನಾನಲ್ಲ’ ಅನ್ನು. ನೀನು ದಿನಾ ವಿಭೂತಿ ಹಚ್ಚುತ್ತೀಯ, ಪೂಜೆ ತಪ್ಪಿಸಿಲ್ಲ ಎಂದು ಪಾರ್ವತೆಮ್ಮನೇ ಹೇಳುತ್ತಾರಂತೆ. ಯಾರಿಗೆ ಏನು ಕೇಡಾಗುತ್ತದೆ ಒಂದು ಮಾತಿನಿಂದ? ಮೇಘಾಳ ಪರೀಕ್ಷೆ ಹತ್ತಿರ ಬಂತು. ಚನ್ನು ನೀನಿಲ್ಲದೆ ಮಲಗುವುದಿಲ್ಲ. ಹೀಗೆ ಬರೆಯುತ್ತೇನೆ, ಬರೆದು ನೋಡಿದರೆ ಇದು ನಾನು ಎರಡನೇ ಸಲ ನಿನ್ನ ಮುಖ ತೆಗೆದ ಹಾಗೆ ಕಾಣುತ್ತದೆ. ಹೊಡೆದು ಹಾಕೋಣ ಎಂದರೆ ಮಕ್ಕಳ ನೆನಪಾಗುತ್ತದೆ. ಏನು ಮಾಡಲಿ, ನೀನೇ ಹೇಳು. ಸೋಮವಾರ ಬರುತ್ತೇನೆ. ನೀನು ಹೌದೆಂದರೆ ನಾನು ಅಲ್ಲವೆಂದು ಹೇಗೆ ನಿಲ್ಲಲಿ? ನೀನು ಹೊರಟರೆ ನಿನ್ನ ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಬರುವುದೊಂದೇ ನನ್ನ ಕೈಲಾಗುವುದು.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ‘ಆಕಿ ಹೊಟ್ಟಿ ತಣ್ಣಗಿರ್ಲಿ’ ಎಂದು ಬರೆಯಲು ಹೇಳಿದಳು, ಬರೆದಿದ್ದೇನೆ. ಮೇಘಾ, ಚನ್ನುಗೆ ಈ ಮಾಮಾನ ಆಶೀರ್ವಾದ. ದೊಡ್ಡವರಾಗಲಿ, ತಾಯಿಯ ಹತ್ತಿರವೇ ದೊಡ್ಡವರಾಗಲಿ.

ನಿನ್ನ ತಮ್ಮ,
ಬಸವಲಿಂಗ

ಮರೆತದ್ದು: ಮರೆತಿರಲಿಲ್ಲ, ಮೇಲೆ ಬರೆಯಲು ಆಗಲಿಲ್ಲ. ಅಲ್ಲಿಗೆ ಯಾಕೆ ಹೋದೆ ಎಂದು ಮಾವ ಕೇಳಿದ, ನಿನ್ನ ಅತ್ತೆ ಕೇಳಿದರು. ಮೊದಲ ದಿನ ಫೋನಿನಲ್ಲಿ ಸಿಕ್ಕಾಗ ನಾನೂ ಅದನ್ನೇ ಕೇಳಿದೆ. ಯಾಕೆ ಅಳುತ್ತಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ಫೋಟೋದಲ್ಲಿ ನೀನು ಬದನೆಕಾಯಿ ಬಣ್ಣದ ಸೀರೆ ಉಟ್ಟಿದ್ದೆ. ಎಳ್ಳ ಅಮಾವಾಸ್ಯೆಗೆ ಮುಂಚೆ, ಅದೇ ಸೀರೆಯಲ್ಲಿ, ಅದೇ ದಿನ ಬೆಳಿಗ್ಗೆ, ನೀನು ನನ್ನ ಅಂಗಡಿಗೆ ಬಂದಿದ್ದೆ. ಯಾರೋ ಲೀಡರನ ಹುಟ್ಟುಹಬ್ಬದ ಫ್ಲೆಕ್ಸು ಮಧ್ಯಾಹ್ನದೊಳಗೆ ಕೊಡಬೇಕಿತ್ತು. “ಖಾಲಿ ಅದಿಯೇನು ತಮ್ಮಾ?” ಎಂದೆ ನೀನು. “ಐದು ನಿಮಿಷ ತಡಿ ಅಕ್ಕ” ಎಂದೆ ನಾನು, ತಿರುಗದೆ. ಚಹಾ ತರಿಸಿದೆ. ತಿರುಗಿದಾಗ ಕುರ್ಚಿಯಲ್ಲಿ ನೀನಿರಲಿಲ್ಲ, ಚಹಾದ ಮೇಲೆ ಕೆನೆ ಕಟ್ಟಿತ್ತು. ಬಸ್ಸಿಗೆ ಹೊತ್ತಾಗಿರಬೇಕು ಎಂದುಕೊಂಡೆ.

ಅವತ್ತು ನನಗೆ ಏನು ಹೇಳಬೇಕೆಂದು ಬಂದಿದ್ದೆ, ಅಕ್ಕ?